ಅರ್ಧ ವೇಗದಲ್ಲಿ ಅತ್ತೆಯ ಹಾಡು

ನಮ್ಮ ಮನೆಯ ಕಂಪ್ಯೂಟರ್ ಆನ್ ಮಾಡಿದ್ದು ಪಕ್ಕದ ಮನೆಯವರಿಗೂ ಗೊತ್ತಾಗುತ್ತಿತ್ತು. ಅದರೊಳಗಿನ ಫ್ಯಾನು ಮೊದಲು ಗಂಟಲು ಸರಿಮಾಡಿಕೊಂಡಂತೆ ಎರಡು ಸಲ ಕೆಮ್ಮಿ, ಆಮೇಲೆ ಹಿಟ್ಟಿನ ಗಿರಣಿಯ ಹಾಗೆ ಒಂದೇ ಸಮನೆ ಮೊರೆಯುತ್ತಿತ್ತು. ಸಿರಸಿ ಪೇಟೆಯಲ್ಲಿ ನಮ್ಮವರಿಗೆ ಪುಸ್ತಕ, ಪೆನ್ನು ಮಾರುವ ಅಂಗಡಿಯಿದೆ. ಅಲ್ಲಿಗೆ ಹೊಸ ಕಂಪ್ಯೂಟರ್ ಬಂದಾಗ ಹಳೆಯದು ಮನೆಗೆ ಬಂತು. ಹಜಾರದ ಮೂಲೆಯಲ್ಲಿ ಹೊಲಿಗೆ ಯಂತ್ರದ ಪಕ್ಕ ಅದಕ್ಕೊಂದು ಜಾಗ ಮಾಡಿಕೊಟ್ಟೆ. ಧೂಳು ಕೂರಬಾರದೆಂದು ಬಿಳಿ ನೂಲಿನಲ್ಲಿ ಕ್ರೋಶಾ ಹೆಣೆದು ಒಂದು ಕವಚವನ್ನೂ ಹೊದಿಸಿದೆ. ಕನ್ಯಾಸ್ತ್ರೀಯರ ಶಾಲೆಯಲ್ಲಿ ಕಲಿತ ಹುಡುಗಿಯರಿಗೆ ಬರಿಯ ವಸ್ತು ಕಂಡರೆ ಆಗುವುದಿಲ್ಲ. ಏನಾದರೂ ಹೊದಿಸಿಯೇ ಸಮಾಧಾನ.

"ನಿನ್ನ ಪೆಟ್ಟಿಗೆಗೆ ಉಬ್ಬಸ ಬಂಜು ಮಾರಾಯ್ತಿ. ಒಂದು ಲೋಟ ಕಷಾಯ ಕುಡಿಸು" ಎಂದು ಅತ್ತೆ ನಗುತ್ತಿದ್ದರು.

ಅತ್ತೆಯ ಮಾತೆಲ್ಲ ಹೀಗೇ, ಒಗ್ಗರಣೆ ಹಾಕಿದ ಹಾಗೆ. ನನ್ನ ಮಾತು ಮಾತ್ರ ಪುಸ್ತಕದ ಕನ್ನಡ. ಯಲ್ಲಾಪುರದಲ್ಲಿ ಶಾಲೆಗೆ ಹೋಗುವಾಗ ನಾಲಿಗೆಗೆ ಅಂಟಿದ್ದು ಮದುವೆಯಾಗಿ ಇಷ್ಟು ವರ್ಷವಾದರೂ ಬಿಟ್ಟಿಲ್ಲ. ಅತ್ತೆ ಅದಕ್ಕೆ 'ಸಿಸ್ಟರ್ ಕನ್ನಡ' ಎಂದು ಹೆಸರಿಟ್ಟಿದ್ದರು. ನಾನು "ಅತ್ತೆ, ಊಟಕ್ಕೆ ಬನ್ನಿ" ಎಂದರೆ, "ಹೋಯ್, ಸಿಸ್ಟರ್ ಕರೆದ್ರು" ಎಂದು ಏಳುತ್ತಿದ್ದರು.

ಉಮ್ಮಚಗಿಗೆ ಕೊಟ್ಟ ನಾದಿನಿಯ ಮಗಳಿಗೆ ಮದುವೆ ನಿಶ್ಚಯವಾಯಿತು. ನಮ್ಮಲ್ಲಿ ಮದುವೆಯ ಒಂದೊಂದು ಶಾಸ್ತ್ರಕ್ಕೂ ಒಂದೊಂದು ಹಾಡು. ಎಣ್ಣೆ ಹಚ್ಚುವಾಗ ಒಂದು, ಹೂ ಮುಡಿಸುವಾಗ ಒಂದು, ಕೊನೆಯಲ್ಲಿ ಹೆಣ್ಣನ್ನು ಗಂಡಿನ ಮನೆಯವರಿಗೆ ಒಪ್ಪಿಸುವಾಗ ಒಂದು. ಹಿರಿಯರೊಬ್ಬರು ಸಾಲು ಎತ್ತಿಕೊಟ್ಟರೆ ಉಳಿದ ಹೆಂಗಸರು ಅದನ್ನೇ ತಿರುಗಿ ಹಾಡುತ್ತಾರೆ. ಒಪ್ಪಿಸುವ ಹಾಡಿಗೆ ಮಾತ್ರ ಒಂದು ಕಟ್ಟುಪಾಡಿದೆ: ಎತ್ತಿಕೊಡುವವರು ನಡುವೆ ನಿಲ್ಲಬಾರದು. ಹಾಡು ತುಂಡಾದರೆ ಹೆಣ್ಣಿನ ದಾರಿ ತುಂಡಾದ ಹಾಗೆ ಎಂದು ಹಿಂದಿನವರು ಹೇಳಿಟ್ಟಿದ್ದಾರೆ. ನಮ್ಮ ಬಳಗದಲ್ಲಿ ಆ ಹಾಡು ಅತ್ತೆಯದು. ನನ್ನ ಮದುವೆಯಲ್ಲಿ ನನ್ನನ್ನು ಬರಮಾಡಿಕೊಂಡ ಕಡೆಯವರಾಗಿದ್ದರಿಂದ ಅವರು ಹಾಡುವಂತಿರಲಿಲ್ಲ. ನಮ್ಮ ಕಡೆಯ ಅಜ್ಜಿ ಹಾಡಿದಾಗ ಪಕ್ಕದಲ್ಲಿ ನಿಂತು, "ಶ್ರುತಿ ಸ್ವಲ್ಪ ಮೇಲಾತು" ಎಂದಿದ್ದರಂತೆ.

ಉಮ್ಮಚಗಿಯ ಹೆಂಗಸರಿಗೆ ತಿರುಗಿ ಹಾಡಲು ಅಭ್ಯಾಸ ಬೇಕಿತ್ತು. "ಅತ್ತಿಗೆ, ಆಯಿ ಹಾಡಿದ್ದನ್ನ ರೆಕಾರ್ಡ್ ಮಾಡಿ ಕಳ್ಸೆ" ಎಂದು ನಾದಿನಿ ಫೋನ್ ಮಾಡಿದಳು. ಅತ್ತೆಯನ್ನು ಅವರ ಮಕ್ಕಳು ಕರೆಯುವುದು ಆಯಿ ಎಂದು. ಮೊಬೈಲಿನಲ್ಲೇ ಮಾಡಿ ಕಳಿಸಬಹುದಿತ್ತು. ಒಮ್ಮೆ ಮಾಡಿಯೂ ನೋಡಿದೆ. ಅತ್ತೆಯ ಸ್ವರ ತಗಡಿನ ಡಬ್ಬಿಯೊಳಗಿಂದ ಬಂದ ಹಾಗೆ ಕೇಳಿಸಿತು. ಅಂಗಡಿಯಲ್ಲಿ ಕಂಪ್ಯೂಟರಿಗೆ ಸಿಕ್ಕಿಸುವ ಮೈಕೊಂದು ಇತ್ತು. ಅದನ್ನು ತಂದೆ. ಅತ್ತೆ ಹಾಡಿದರು. ಕೇಳಿದರೆ ಹಾಡಿಗಿಂತ ಫ್ಯಾನೇ ಮುಂದೆ.

"ಎಂತ ಇದು, ಆನು ಗಿರಣಿಲಿ ಕೂತು ಹಾಡಿದಂಗೆ ಇದ್ದು!" ಎಂದರು ಅತ್ತೆ.

ಆ ಫ್ಯಾನನ್ನು ಹೇಗಾದರೂ ಸುಮ್ಮನಾಗಿಸಬೇಕೆಂದು ಹಟ ಹುಟ್ಟಿತು. ಮಧ್ಯಾಹ್ನ ಪಾತ್ರೆ ತೊಳೆದಿಟ್ಟು, ಒಂದಾದ ಮೇಲೊಂದು ವಿಡಿಯೋ ನೋಡುತ್ತ ಕೂತೆ. ಗೊತ್ತಾದದ್ದಿಷ್ಟು: ಕಂಪ್ಯೂಟರಿನ ಒಳಗೆ ಪ್ರೊಸೆಸರ್ ಎಂಬ ಪುಟ್ಟ ಬಿಲ್ಲೆಯಿದೆ, ಯೋಚನೆಯ ಕೆಲಸವೆಲ್ಲ ಅದರದ್ದು. ಜೋರಾಗಿ ಕೆಲಸ ಮಾಡಿದಷ್ಟೂ ಅದು ಕಾಯುತ್ತದೆ, ಕಾದಷ್ಟೂ ಫ್ಯಾನು ಕೂಗುತ್ತದೆ. ಬಿಲ್ಲೆಯ ವೇಗವನ್ನೇ ತಗ್ಗಿಸಿಬಿಟ್ಟರೆ ಬಿಸಿ ಕಡಿಮೆ, ಫ್ಯಾನಿಗೂ ಕೆಲಸವಿಲ್ಲ. ಹೆಚ್ಚಿನವರು ವೇಗ ಏರಿಸುವುದಕ್ಕೆ ಒದ್ದಾಡುತ್ತಾರಂತೆ. ಇಳಿಸುವುದಕ್ಕೂ ಒಂದು ಹೆಸರಿದೆ, ಅಂಡರ್‌ಕ್ಲಾಕಿಂಗ್. ಕೇಳಿದ ಕೂಡಲೆ ನನಗೆ ಅದು ಅರ್ಥವಾಯಿತು. ಒಲೆ ಸಿಮ್ಮಿಗೆ ಇಡುವುದು, ಅಷ್ಟೇ.

ನಾನು ಹುಟ್ಟಾ ಸಿಮ್ಮಿನ ಹೆಂಗಸು. ಟೀವಿಯ ದನಿ ತಗ್ಗಿಸುವವಳು ನಾನು, ಬಾಗಿಲು ಸದ್ದಾಗದಂತೆ ಮುಚ್ಚುವವಳು ನಾನು, ಇಬ್ಬರ ಮಾತು ಏರಿದರೆ ನಡುವೆ ಚಹಾ ತಂದಿಡುವವಳು ನಾನು. ಕಂಪ್ಯೂಟರ್ ಶುರುವಾಗುವಾಗ ಒಂದು ಕೀಲಿ ಒತ್ತಿ ಹಿಡಿದರೆ ನೀಲಿ ಪರದೆ ಬರುತ್ತದೆ. ಅಲ್ಲಿ ಪ್ರೊಸೆಸರಿನ ವೇಗದ ಅಂಕಿ ಇರುತ್ತದೆ. ಅದನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸಿ ಉಳಿಸಿದೆ. ಪೆಟ್ಟಿಗೆ ಮತ್ತೆ ಎದ್ದಿತು. ಕೆಮ್ಮಲಿಲ್ಲ. ಮೊರೆಯಲಿಲ್ಲ. ಹಜಾರದಲ್ಲಿ ಹೊರಗಿನ ಗುಬ್ಬಚ್ಚಿ ಕೇಳಿಸಿತು.

ಅತ್ತೆ ಬಂದು ಪೆಟ್ಟಿಗೆಗೆ ಕಿವಿಯಿಟ್ಟರು. "ಎಂತ ಮಾಡ್ದೆ? ಸತ್ತು ಹೋತ ಅದು?"

"ಇಲ್ಲ ಅತ್ತೆ. ಸಿಮ್ಮಿಗೆ ಇಟ್ಟಿದ್ದೇನೆ."

"ಸಿಮ್ಮಿಗಿಟ್ರೆ ಬೇಯ್ತ?"

"ಬೇಯುತ್ತದೆ, ನಿಧಾನಕ್ಕೆ."

ಆ ದಿನ ನನಗೆ ಎಷ್ಟು ಹೆಮ್ಮೆಯಾಗಿತ್ತೆಂದರೆ ನಮ್ಮವರು ಊಟಕ್ಕೆ ಬಂದಾಗ ಬಾಳೆಎಲೆ ಹಾಕಿ ಪಾಯಸ ಬಡಿಸಿದೆ. ಕಂಪ್ಯೂಟರ್ ತುಸು ಮಂಕಾಗಿತ್ತು ನಿಜ. ಒಂದು ಫೋಟೋ ತೆರೆಯಬೇಕಾದರೆ ಮೇಲಿನಿಂದ ಕೆಳಗೆ ಪರದೆ ಇಳಿಬಿಟ್ಟಂತೆ ತೆರೆಯುತ್ತಿತ್ತು. ನನಗೇನು ಅವಸರ? ಆ ನಿಧಾನ ಇಷ್ಟವೇ ಆಯಿತು.

ಮರುದಿನ ಬೆಳಿಗ್ಗೆ ತಿಂಡಿಯಾದ ಮೇಲೆ ಅತ್ತೆಯನ್ನು ಮೈಕಿನ ಮುಂದೆ ಕೂರಿಸಿದೆ. ಅವರು ಹೊಸ ರವಿಕೆ ಹಾಕಿಕೊಂಡಿದ್ದರು. ಸ್ವರಕ್ಕೆ ರವಿಕೆ ಕಾಣುವುದಿಲ್ಲ ಎಂದರೆ, "ಸ್ವರಕ್ಕೆ ಕಾಣದಿದ್ರೂ ಎಂಗೆ ಕಾಣ್ತು ಅಲ್ದ" ಎಂದರು. ನಾನಿದ್ದರೆ ನಾಚಿಕೆ ಎಂದೂ ಹೇಳಿದರು. ರೆಕಾರ್ಡಿನ ಗುಂಡಿ ಒತ್ತಿ, ಬೆಕ್ಕಿನ ಹೆಜ್ಜೆಯಿಟ್ಟು ಅಡುಗೆಮನೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡೆ. ಒಲೆಯ ಮೇಲೆ ಬೇಳೆಗೆ ಇಟ್ಟ ಕುಕ್ಕರ್ ಇದ್ದದ್ದು ಅದು ಕೂಗಿದ ಮೇಲೆಯೇ ನೆನಪಾದದ್ದು. ಓಡಿ ಆರಿಸಿದೆ. ಅಷ್ಟರಲ್ಲಿ ಒಂದು ಉದ್ದ ಕೂಗು ಹಾಡಿನೊಳಗೆ ಹೋಗಿಯಾಗಿತ್ತು.

ಸಂಜೆ ಇವರು ಕೇಳಿ, "ಆಯಿ ಹಾಡಿಗೆ ಕುಕ್ಕರ್ ಶ್ರುತಿ ಹಿಡದ್ದು" ಎಂದು ನಕ್ಕರು. ನಾನು ನಗಲಿಲ್ಲ. ಕುಕ್ಕರಿನ ಬಗ್ಗೆ ನನಗೆ ಚಿಂತೆಯಿರಲಿಲ್ಲ. ಮಧ್ಯಾಹ್ನವೇ ಒಬ್ಬಳೇ ಕೂತು ಹಾಡು ಕೇಳಿದ್ದೆ. ಕೇಳುತ್ತ ಕೇಳುತ್ತ ಕೈಯಲ್ಲಿದ್ದ ಹೊಲಿಗೆ ನಿಂತಿತ್ತು.

ಅತ್ತೆ ಅಲ್ಲಲ್ಲಿ ನಿಲ್ಲುತ್ತಿದ್ದರು. 'ಕಾಲ ಸಪ್ಪಳ ಕೇಳಿ ಕದ ತೆರೆಯಿರಿ ಬೀಗಿತಿ, ಕೂಸು ಹೊಸ್ತಿಲಲಿ ನಿಂತೀತು' ಎಂಬುದು ಆ ಹಾಡಿನ ತಿರುಳಿನ ಸಾಲು. ರೆಕಾರ್ಡಿನಲ್ಲಿ 'ಕಾಲ ಸಪ್ಪಳ' ಎಂದಾದ ಮೇಲೆ ಬರೀ ಮೌನ. ಆಮೇಲೆ 'ತೆರೆಯಿರಿ ಬೀಗಿತಿ'. ಇನ್ನೂ ಕೆಲವು ಕಡೆ ಹೀಗೇ. ಶಬ್ದ ಹುಡುಕುತ್ತ ತಡವರಿಸಿ, ಸಿಗದೆ, ಮುಂದೆ ಹೋದ ಹಾಗೆ.

ನಾನು ಆಗ ಮಾಡಬಹುದಾಗಿದ್ದು ಬಹಳ ಸಣ್ಣದು. ಅತ್ತೆ ಹತ್ತು ಹೆಜ್ಜೆ ಆಚೆ ಜಗಲಿಯಲ್ಲೇ ಇದ್ದರು. ಕರೆದು, "ಇಲ್ಲಿ ನಿಂತಿದ್ದೀರಿ, ಕೇಳಿ" ಎನ್ನಬಹುದಿತ್ತು. ಕರೆಯಲಿಲ್ಲ. ನೋವಾದೀತು ಎಂದುಕೊಂಡೆ. ಎಪ್ಪತ್ತು ದಾಟಿತು, ಮರೆವು ಎಲ್ಲರಿಗೂ ಬರುವುದೇ ಎಂದುಕೊಂಡೆ. ಎಂದುಕೊಂಡ ಕೂಡಲೇ ಹಳೆಯ ಸಾಕ್ಷಿಗಳೂ ತಾವಾಗಿ ಬಂದು ನಿಂತವು: ಮೊನ್ನೆ ಕನ್ನಡಕ ಹುಡುಕಿದ್ದು, ಹಾಲಿನವನಿಗೆ ಬೇರೆ ಹೆಸರು ಹೇಳಿ ಕರೆದದ್ದು. ಕನ್ನಡಕವನ್ನು ನಾನೂ ಹುಡುಕುತ್ತೇನೆ. ಅದು ಆಗ ನೆನಪಾಗಲಿಲ್ಲ.

"ಹೆಂಗಿದ್ದು?" ಎಂದು ಅತ್ತೆ ಕೇಳಿದಾಗ, "ತುಂಬಾ ಚೆನ್ನಾಗಿ ಬಂದಿದೆ ಅತ್ತೆ" ಎಂದೆ. ಹಾಡನ್ನು ಹಾಗೆಯೇ ಉಮ್ಮಚಗಿಗೆ ಕಳಿಸಿದೆ.

ಮಾರನೆಯ ದಿನ ನಾದಿನಿಯ ಫೋನ್. ದನಿ ತಗ್ಗಿಸಿ ಕೇಳಿದಳು: "ಅತ್ತಿಗೆ, ಆಯಿಗೆ ಎಂತ ಆಜು? ಹಾಡು ಮಧ್ಯ ಮಧ್ಯ ನಿಂತು ಹೋಗ್ತಲೆ. ಇಲ್ಲಿ ಎಲ್ಲರೂ ಕೇಳಿದ್ರು. ಮರೆವು ಶುರುವಾಜೇನ ಹೇಳಿ ಮಾತಾಡ್ತಾ ಇದ್ರು."

"ವಯಸ್ಸಾಯಿತಲ್ಲ..." ಎಂದೆ ನಾನು.

ಆ ಒಂದು ಶಬ್ದವನ್ನು ನಾನು ಎಷ್ಟು ಮೃದುವಾಗಿ ಹೇಳಿದೆ ಎಂಬುದು ಇವತ್ತಿಗೂ ಕಿವಿಯಲ್ಲಿದೆ. ಬೈದಿದ್ದರೂ ಅದಕ್ಕಿಂತ ವಾಸಿಯಿತ್ತು.

ಮದುವೆಯ ಹಾಡು ಕಾನಸೂರಿಗೆ ಹೋಯಿತು. ಅಲ್ಲಿರುವ ನಾದಿನಿಯ ಓರಗಿತ್ತಿಗೂ ಒಳ್ಳೆಯ ಕಂಠವಿದೆ. ಒಪ್ಪಿಸುವ ಹಾಡನ್ನು ಅವರು ಎತ್ತಿಕೊಡುವುದು ಎಂದು ನಿಶ್ಚಯವಾಯಿತು. ಹಾಡು ತುಂಡಾದರೆ ಎಂಬ ಹೆದರಿಕೆ, ಅದು ತಪ್ಪೂ ಅಲ್ಲ, ಮಗಳ ಮದುವೆ. ಅತ್ತೆಗೆ ತಿಳಿಸುವ ಕೆಲಸ ನನ್ನ ಪಾಲಿಗೆ ಬಂತು, ನಾನು ನಯವಾಗಿ ಹೇಳುತ್ತೇನೆಂದು. "ಈ ಸೆಕೆಯಲ್ಲಿ ನಿಮಗೆ ಗಂಟಲು ನೋವು ಯಾಕೆ ಅಂತ ಅವರ ಯೋಚನೆ ಅತ್ತೆ" ಎಂದೆ.

ಅತ್ತೆ ತಮ್ಮ ಮೊಬೈಲ್ ತೆಗೆದು ತೋರಿಸಿದರು. ಯಾರೋ ಆ ಹಾಡನ್ನು ಅವರಿಗೂ ಕಳಿಸಿದ್ದರು.

"ಆನು ಕೇಳಿದ್ದೆ. ಗಂಟಲು ಗಿಂಟಲು ಎಂತದೂ ಅಲ್ಲ. ಪೂರ್ತಿ ಹಾಡಿದ್ದೆ ಹೇಳೇ ತಿಳ್ಕಂಡಿದ್ದೆ ನೋಡು. ಬಿಟ್ಟಿದ್ದೇ ಗೊತ್ತಾಜಿಲ್ಲೆ." ಮೊಬೈಲಿನ ಗಾಜನ್ನು ಸೆರಗಿನಿಂದ ಒರೆಸಿದರು. "ಮರ್ತಿದ್ದು ಗೊತ್ತಾದ್ರೆ ಅಡ್ಡಿಲ್ಲೆ. ಮರ್ತಿದ್ದೇ ಗೊತ್ತಾಗದೆ ಹೋದ್ರೆ ಎಂತ ಮಾಡೋದು?"

"ಎಲ್ಲರಿಗೂ ಆಗುತ್ತದೆ ಅತ್ತೆ" ಎಂದೆ. ಸಮಾಧಾನ ಹೇಳಿದೆನೆಂದೇ ನನ್ನ ಭಾವನೆ.

ಆ ದಿನದಿಂದ ಅವರು ಬದಲಾದರು. ಹೊರಗೆ ಹೋಗುವಾಗ ಗ್ಯಾಸಿನ ಗುಬ್ಬಿಯನ್ನು ಮೂರು ಮೂರು ಸಲ ಮುಟ್ಟಿ ನೋಡುವರು. ಮಾತಿನ ನಡುವೆ ನಿಂತು, "ಇದನ್ನ ಆಗ್ಲೇ ಹೇಳಿದ್ನ?" ಎಂದು ಕೇಳುವರು. 'ಸಿಸ್ಟರ್' ಎಂಬ ಗೇಲಿ ನಿಂತಿತು. ಮಾವಿನಮಿಡಿ ಬಂದಿತ್ತು, ಮಿಡಿಗೆ ಉಪ್ಪು ಹಾಕುವುದು ಯಾವತ್ತೂ ಅವರ ಕೈ. ಆ ಸಲ ನಾನೇ ಉಪ್ಪಿನ ಭರಣಿಯನ್ನು ನನ್ನ ಕಡೆ ಎಳೆದುಕೊಂಡು, "ನೀವು ಕೂತುಕೊಳ್ಳಿ ಅತ್ತೆ, ನಾನು ಹಾಕುತ್ತೇನೆ" ಎಂದೆ. ಅವರು ಕೂತುಕೊಂಡರು. ಮೊದಲಾಗಿದ್ದರೆ ನನ್ನ ಕೈಗೆ ಹೊಡೆಯುತ್ತಿದ್ದರು.

ಮಧ್ಯಾಹ್ನ ಎಲ್ಲರೂ ಒರಗಿದ ಮೇಲೆ ಅವರು ಮೊಬೈಲನ್ನು ಕಿವಿಗಿಟ್ಟುಕೊಂಡು ತಮ್ಮದೇ ಹಾಡು ಕೇಳುತ್ತಿದ್ದರು. ತುಟಿ ಅಲ್ಲಾಡುತ್ತಿತ್ತು. ಎಲ್ಲಿ ಮರೆತೆ ಎಂದು ಗುರುತಿಟ್ಟುಕೊಳ್ಳಲು, ಪರೀಕ್ಷೆಗೆ ಓದುವವರ ಹಾಗೆ, ದಿನಾ.

ಒಂದು ದಿನ ಕಾನಸೂರಿನವರು ಅತ್ತೆಗೇ ಫೋನ್ ಮಾಡಿದರು. ಸ್ಪೀಕರಿನಲ್ಲಿದ್ದುದರಿಂದ ನನಗೂ ಕೇಳಿಸಿತು. "ದೊಡ್ಡಮ್ಮಾ, 'ಸಪ್ಪಳ' ಆದ್ಮೇಲೆ ಎಂತ ಬತ್ತು?"

"'ಕೇಳಿ ಕದ' ಹೇಳಿ ಬತ್ತು. ಕಾಲ ಸಪ್ಪಳ ಕೇಳಿ ಕದ ತೆರೆಯಿರಿ."

ಕೇಳಿದ ಕ್ಷಣವೇ ಉತ್ತರ. ಇನ್ನುಳಿದ ಶಬ್ದಗಳನ್ನೂ ಹೀಗೇ, ಅಕ್ಕಿಯಲ್ಲಿ ಕಲ್ಲು ಆರಿಸಿದಂತೆ, ಒಂದೊಂದಾಗಿ ಹೇಳಿದರು. ನಾನು ಅಲ್ಲೇ ಕೂತು ಹುರುಳಿಕಾಯಿ ಮುರಿಯುತ್ತಿದ್ದೆ. ಮರೆತವರು ಇಷ್ಟು ಬೇಗ ಹೇಗೆ ಹೇಳುತ್ತಾರೆಂದು ನನಗೆ ಅನ್ನಿಸಬೇಕಿತ್ತು. 'ಪಾಪ, ಎಷ್ಟು ಕಷ್ಟಪಟ್ಟು ಕಲಿತಿದ್ದಾರೆ' ಎಂದು ಮಾತ್ರ ಅನ್ನಿಸಿತು.

ಮದುವೆ ಯಲ್ಲಾಪುರದ ಸಭಾಭವನದಲ್ಲಿ ನಡೆಯಿತು. ಹೆಣ್ಣು ಒಪ್ಪಿಸುವ ಹೊತ್ತಿಗೆ ಕಾನಸೂರಿನವರ ಕೈಗೆ ಮೈಕು ಬಂತು. ಅವರು ಚೆನ್ನಾಗಿಯೇ ಹಾಡಿದರು, ಎಲ್ಲೂ ನಿಲ್ಲಲಿಲ್ಲ. ಉಳಿದ ಹೆಂಗಸರು ತಿರುಗಿ ಹಾಡಿದರು. ಅತ್ತೆ ಎರಡನೇ ಸಾಲಿನ ಕುರ್ಚಿಯಲ್ಲಿ ಕೂತಿದ್ದರು. ತಿರುಗಿ ಹಾಡುವುದಕ್ಕೂ ಅವರ ಬಾಯಿ ತೆರೆಯಲಿಲ್ಲ. ಮೊಮ್ಮಗಳು ಕಾಲಿಗೆ ಬಿದ್ದು, "ಅಮ್ಮಮ್ಮಾ, ನೀ ಎಂತಕ್ಕೆ ಹಾಡಿದ್ದಿಲ್ಲೆ?" ಎಂದು ಕೇಳಿಬಿಟ್ಟಳು. ಅತ್ತೆ ನನ್ನ ಮುಖ ನೋಡಿ, "ಸೆಕೆ ಅಲ್ದ ಕೂಸೆ, ಗಂಟಲು ನೋವು" ಎಂದರು. ನಾನು ಕೊಟ್ಟಿದ್ದ ನೆಪ. ಅದನ್ನು ಅವರು ಎತ್ತಿಟ್ಟುಕೊಂಡಿದ್ದರು.

ಮದುವೆಯ ಗಲಾಟೆ ಮುಗಿದ ಮೇಲೆ ನಾದಿನಿ ಫೋಟೋಗಳನ್ನೆಲ್ಲ ಕಳಿಸಿ, "ಅತ್ತಿಗೆ, ಇದಕ್ಕೆ ಹಿಂದೆ ಆಯಿ ಹಾಡೇ ಹಾಕಿ ಒಂದು ವಿಡಿಯೋ ಮಾಡಿ ಕೊಡೆ. ತುಂಡಾದಲ್ಲಿ ಹೆಂಗಾರೂ ಸೇರ್ಸು" ಎಂದಳು. ಅವಳಿಗೂ ಒಳಗೆ ಕುಟುಕುತ್ತಿತ್ತೇನೋ.

ಕಿವಿಗೆ ಹೆಡ್‌ಫೋನ್ ಹಾಕಿ ಕೂತೆ. ಪರದೆಯ ಮೇಲೆ ಹಾಡು ಗರಗಸದ ಹಲ್ಲಿನ ಹಾಗೆ ಕಾಣಿಸುತ್ತದೆ. ಮೌನವಿದ್ದಲ್ಲಿ ಗೆರೆ ಸಪಾಟು. 'ಕಾಲ ಸಪ್ಪಳ'ದ ಹತ್ತಿರ ಕುಕ್ಕರ್ ಕೂಗತೊಡಗಿತು. ಹಾಡಿನ ಹಿಂದೆ ಸುಯ್ ಎಂದು ಏರುತ್ತ ಬಂತು. 'ಸಪ್ಪಳ' ಎಂದದ್ದೇ ಅತ್ತೆ ನಿಂತರು. ಕುಕ್ಕರೂ ನಿಂತಿತು. ಅತ್ತೆ ಮತ್ತೆ 'ತೆರೆಯಿರಿ' ಎಂದರು. ಕುಕ್ಕರೂ ಮತ್ತೆ, ಅದೇ ಎತ್ತರದಿಂದ, ಕೂಗಿತು.

ಹಿಂದಕ್ಕೆಳೆದು ಮತ್ತೆ ಕೇಳಿದೆ. ಇಷ್ಟು ವರ್ಷ ಅಡುಗೆ ಮಾಡಿದ್ದೇನೆ. ಕುಕ್ಕರ್ ಕೂಗಲು ತೊಡಗಿದರೆ ಉಗಿ ಇಳಿಯುವ ತನಕ ಕೂಗುತ್ತದೆ. ನಡುವೆ ಪಟ್ಟನೆ ಬಾಯಿ ಮುಚ್ಚಿ, ಮತ್ತೆ ಅದೇ ದನಿಯಲ್ಲಿ ಮುಂದುವರಿಸುವ ಕುಕ್ಕರನ್ನು ನಾನು ಕಂಡಿಲ್ಲ. ಅತ್ತೆ ಮರೆತಿದ್ದರೆ ಕುಕ್ಕರ್ ಯಾಕೆ ಮರೆಯಬೇಕು?

ಉಳಿದ ಮೌನಗಳನ್ನೂ ದನಿ ಏರಿಸಿ ಕೇಳಿದೆ. ಹೊರಗಿನ ಕಾಗೆಯಿಲ್ಲ, ರಸ್ತೆಯ ಬೈಕಿಲ್ಲ, ಅತ್ತೆಯ ಉಸಿರೂ ಇಲ್ಲ. ಮನುಷ್ಯರು ಸುಮ್ಮನಾದಾಗ ಉಳಿಯುವ ಮೌನ ಅದಲ್ಲ. ಏನೂ ಬರೆಯದೆ ಬಿಟ್ಟ ಜಾಗ ಅದು.

ಮತ್ತೆ ವಿಡಿಯೋಗಳು, ಮತ್ತೆ ಹುಡುಕಾಟ. ನಮ್ಮ ಕಂಪ್ಯೂಟರ್ ದಿನಾ ಬೆಳಿಗ್ಗೆ ತನ್ನಷ್ಟಕ್ಕೆ ವೈರಸ್ ಹುಡುಕುವ ಕೆಲಸವನ್ನೂ ಮಾಡುತ್ತಿರುತ್ತದೆ. ಪೂರ್ತಿ ವೇಗವಿದ್ದಾಗ ಒಂದು ಕೈಯಲ್ಲಿ ಅದು, ಇನ್ನೊಂದು ಕೈಯಲ್ಲಿ ಹಾಡು ಹಿಡಿದುಕೊಳ್ಳುತ್ತಿತ್ತು. ನಾನು ಅರ್ಧಕ್ಕೆ ಇಳಿಸಿದ ಮೇಲೆ ಎರಡೂ ಅದರಿಂದಾಗಲಿಲ್ಲ. ಆಗುವುದಿಲ್ಲ ಎಂದು ಅದು ಬಾಯಿಬಿಟ್ಟು ಹೇಳಲೂ ಇಲ್ಲ. ಕೈಗೆ ಸಿಕ್ಕಷ್ಟು ಹಿಡಿದು, ಸಿಗದ್ದನ್ನು ಕೆಳಗೆ ಬಿಟ್ಟು, ಏನೂ ಆಗದಂತೆ ಮುಂದೆ ಹೋಯಿತು. ಥೇಟ್ ನನ್ನ ಹಾಗೆ.

ನೀಲಿ ಪರದೆಗೆ ಹೋಗಿ ವೇಗವನ್ನು ಮೊದಲಿನಷ್ಟಕ್ಕೇ ಏರಿಸಿದೆ. ಇನ್ನೊಮ್ಮೆ ರೆಕಾರ್ಡ್ ಮಾಡಿ ನೋಡಲೆಂದು ಮೈಕಿನ ತಂತಿ ಸಿಕ್ಕಿಸುವಾಗ ಕ್ರೋಶಾ ಕವಚ ತೆಗೆದು ಕುರ್ಚಿಯ ಮೇಲಿಟ್ಟವಳು ಮತ್ತೆ ಹೊದಿಸಲಿಲ್ಲ. ಮೊರೆತಕ್ಕೆ ಕಿವಿ ಗಟ್ಟಿಮಾಡಿಕೊಂಡು ಆನ್ ಮಾಡಿದರೆ, ಫ್ಯಾನು ಬರೀ ಗುಂಯ್ ಎಂದಿತು, ಅಷ್ಟೇ. ಕವಚ ಹೊದಿಸಿ ನೋಡಿದೆ. ಸ್ವಲ್ಪ ಹೊತ್ತಿಗೆಲ್ಲ ಗಿರಣಿ. ತೆಗೆದೆ, ಗುಂಯ್. ಪೆಟ್ಟಿಗೆ ಉಸಿರಾಡುವ ತೂತುಗಳನ್ನೆಲ್ಲ ನನ್ನ ಹೆಣಿಗೆಯೇ ಮುಚ್ಚಿತ್ತು. ವೇಗ ತಗ್ಗಿಸುವ ಕೆಲಸವೇ ಬೇಕಿರಲಿಲ್ಲ. ಹೊದಿಸಿದ್ದನ್ನು ತೆಗೆದಿದ್ದರೆ ಸಾಕಿತ್ತು.

ಅತ್ತೆ ಜಗಲಿಯಲ್ಲಿ ಹತ್ತಿ ಹಿಂಜಿ ಬತ್ತಿ ಹೊಸೆಯುತ್ತಿದ್ದರು. ಹತ್ತಿರ ಹೋಗಿ ಕೂತು ಎಲ್ಲ ಹೇಳಿದೆ. "ನೀವು ಮರೆತಿರಲಿಲ್ಲ ಅತ್ತೆ. ಕಂಪ್ಯೂಟರ್ ನುಂಗಿತ್ತು. ನಾನು ವೇಗ ಇಳಿಸಿದ್ದರಿಂದ ಹಾಗಾಯಿತು."

ಅತ್ತೆ ತಲೆಯೆತ್ತದೆ ನಕ್ಕರು. "ಆತು ಬಿಡು."

"ನಿಜ ಅತ್ತೆ."

"ಉಪ್ಪಿಲ್ಲದ ಸಾರನ್ನೂ ಚೊಲೋ ಇದ್ದು ಹೇಳಿ ಉಣ್ಣೋ ಜನ ನೀನು. ಮೊದಲು ಸೆಕೆ ಆತು, ಗಂಟಲಾತು. ಈಗ ಪೆಟ್ಟಿಗೆ ಮೇಲೆ ಹಾಕೋದು. ಆ ಪಾಪದ್ದು ಎಂತ ಮಾಡಿತ್ತು?" ಹೊಸೆದ ಬತ್ತಿಯನ್ನು ಬದಿಗಿಟ್ಟು ನನ್ನ ಮೊಣಕಾಲು ತಟ್ಟಿದರು. ಅವರೇ ನನಗೆ ಸಮಾಧಾನ ಮಾಡುತ್ತಿದ್ದರು.

ಜೀವನವಿಡೀ ಸಿಹಿಯಾಗಿ ಮಾತಾಡಿದ್ದಕ್ಕೆ ಇದು ಸಂಬಳ. ನಿಜ ಹೇಳಿದ ದಿನ ಅದೂ ಸಿಹಿಮಾತೇ ಆಯಿತು.

ಬಾಯಿಮಾತಿನಿಂದ ಆಗುವುದಿಲ್ಲವೆಂದು ಗೊತ್ತಾಯಿತು. ಮರುದಿನ ಬೆಳಿಗ್ಗೆ ವೇಗವನ್ನು ಮತ್ತೆ ಅರ್ಧಕ್ಕೆ ಇಳಿಸಿ, ಮೈಕನ್ನು ಅಡುಗೆಮನೆಯ ಬಾಗಿಲಿಗೆ ತಂದು, ಅತ್ತೆಯನ್ನು ಮಣೆಯ ಮೇಲೆ ಕೂರಿಸಿ, ಅವರ ಕಣ್ಣೆದುರೇ ಕುಕ್ಕರ್ ಇಟ್ಟೆ. ಅದು ಕೂಗಿತು. ಕೂಗಿದ್ದನ್ನು ಅವರ ಕಿವಿಗೆ ಹೆಡ್‌ಫೋನ್ ಇಟ್ಟು ಕೇಳಿಸಿದೆ. ಉದ್ದನೆಯ ಕೂಗು ತುಂಡು ತುಂಡಾಗಿ ಬಂತು.

ಅತ್ತೆಯ ಹುಬ್ಬು ಮೇಲೇರಿತು. "ಇದೆಂತದೇ, ಕುಕ್ಕರಿಗೂ ಮರೆವು ಬಂತ!" ಎಂದು ಗಟ್ಟಿಯಾಗಿ ನಕ್ಕರು. ಎಷ್ಟೋ ದಿನದ ಮೇಲೆ ಕೇಳಿದ ನಗು. ನಾನೂ ನಕ್ಕೆ. ಆಮೇಲೆ ಅವರ ಹಾಡನ್ನು ಹಾಕಿದೆ. 'ಕಾಲ ಸಪ್ಪಳ' ಬಂತು, ಹಿಂದೆ ಕುಕ್ಕರ್ ಕತ್ತರಿಸಿತು. ಅತ್ತೆ ಹೆಡ್‌ಫೋನನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದು ಮತ್ತೊಮ್ಮೆ ಹಾಕಿಸಿಕೊಂಡು ಕೇಳಿದರು. ನಿಧಾನಕ್ಕೆ ತೆಗೆದು ಮಡಿಲಲ್ಲಿಟ್ಟುಕೊಂಡರು.

"ಹಂಗಾರೆ ಆನು ಹಾಡಿದ್ದು ಹೌದು."

"ಹೌದು ಅತ್ತೆ."

"ಪೂರ್ತಿ."

"ಪೂರ್ತಿ."

ಅದರ ತಂತಿ ಬೆರಳಿಗೆ ಸುತ್ತುತ್ತ ಕೇಳಿದರು: "ನೀ ಆವತ್ತೇ ಕೇಳಿದ್ದೆ ಅಲ್ದ ಇದನ್ನ? ಕಳ್ಸೋದಕ್ಕಿಂತ ಮೊದ್ಲು?"

"ಕೇಳಿದ್ದೆ."

"ಎಂಗೆ ಎಂತಕ್ಕೆ ಹೇಳಿದ್ದಿಲ್ಲೆ?"

"ನೋವಾಗುತ್ತದೆ ಅಂತ..."

"ಹೇಳಿದ್ದಿದ್ರೆ ಅಲ್ಲೇ ಇನ್ನೊಂದು ಸಲ ಹಾಡ್ತಿದ್ದೆ" ಎಂದರು ಅತ್ತೆ. ಸಿಟ್ಟಿರಲಿಲ್ಲ. ಅಷ್ಟು ಸುಲಭದ ಕೆಲಸ ಹೇಗೆ ತಪ್ಪಿಹೋಯಿತೆಂದು ಆಶ್ಚರ್ಯವೊಂದೇ ಇತ್ತು ಆ ದನಿಯಲ್ಲಿ. ಕುಕ್ಕರಿನ ಮುಚ್ಚಳ ತೆಗೆಯುವ ನೆಪದಲ್ಲಿ ನಾನು ಆ ಕಡೆ ತಿರುಗಿದೆ.

ಮದುವೆಯ ಬಳಗದ ಹೆಂಗಸರಿಗೆಲ್ಲ ವಾಟ್ಸ್ಯಾಪಿನಲ್ಲಿ ಬರೆದೆ: ತಪ್ಪು ನನ್ನ ಕಂಪ್ಯೂಟರಿನದು, ವೇಗ ಇಳಿಸಿದ್ದು ನಾನು, ಅತ್ತೆ ಒಂದು ಶಬ್ದವನ್ನೂ ಮರೆತಿರಲಿಲ್ಲ. ಕೈಮುಗಿದ ಚಿತ್ರಗಳು ಬಂದವು, ಹೂವಿನ ಚಿತ್ರಗಳು ಬಂದವು. ಕಾನಸೂರಿನವರು ಬರೆದರು: 'ಇಂಥ ಸೊಸೆ ಎಲ್ಲರಿಗೂ ಸಿಗಲಿ.' ಯಾರೊಬ್ಬರೂ ನಂಬಿರಲಿಲ್ಲ. ನಾದಿನಿಗೆ ಮಾತ್ರ ಎರಡೂ ಕುಕ್ಕರ್ ಕೂಗನ್ನು ಕಳಿಸಿದೆ. ಕೇಳಿ ಫೋನ್ ಮಾಡಿದಳು, 'ಆಯಿ' ಎಂದಷ್ಟೇ ಹೇಳಿ ಇಟ್ಟಳು.

ಆಮೇಲೆ ಪೂರ್ತಿ ವೇಗದಲ್ಲಿ ಹಾಡನ್ನು ಹೊಸದಾಗಿ ರೆಕಾರ್ಡ್ ಮಾಡೋಣ ಎಂದೆ. ಅತ್ತೆ ಮತ್ತೆ ಆ ರವಿಕೆಯನ್ನೇ ಹಾಕಿಕೊಂಡು ಬಂದರು. ಈ ಸಲ ನಾನು ಅಡುಗೆಮನೆಗೆ ಹೋಗಲಿಲ್ಲ. ಒಲೆ ಆರಿಸಿ ಬಂದು, ಎದುರಿಗೇ ನೆಲದ ಮೇಲೆ ಕೂತೆ. ಕವಚವಿಲ್ಲದ ಪೆಟ್ಟಿಗೆ ಹಗುರಾಗಿ ಗುಂಯ್ಗುಡುತ್ತಿತ್ತು. ಅತ್ತೆ ಕಣ್ಣು ಮುಚ್ಚಿ ಎತ್ತಿದರು. ಇಷ್ಟು ಹತ್ತಿರದಿಂದ ನಾನು ಆ ಹಾಡನ್ನು ಕೇಳಿರಲಿಲ್ಲ. ಉಸಿರು ತೆಗೆದುಕೊಳ್ಳುವಾಗ ಅವರ ಕೊರಳಿನ ಕರಿಮಣಿ ಮೇಲೆದ್ದು ಇಳಿಯುತ್ತಿತ್ತು.

'ಕಾಲ ಸಪ್ಪಳ' ಎಂದರು. ನಿಂತರು.

ಕುಕ್ಕರಿಲ್ಲ, ಪೆಟ್ಟಿಗೆಯಲ್ಲಿ ತಪ್ಪಿಲ್ಲ. ಹೊರಗೆ ಕಾಗೆ ಕೂಗುತ್ತಲೇ ಇತ್ತು. ಅರೆಕ್ಷಣ ಕಳೆದು 'ಕೇಳಿ ಕದ ತೆರೆಯಿರಿ' ಎಂದು ಮುಂದುವರಿದರು. ಮುಂದೆ ಇನ್ನೊಂದು ಕಡೆ, ಮತ್ತೊಂದು ಕಡೆ, ಎಲ್ಲ ಅವೇ ಜಾಗಗಳು. ಶಬ್ದ ಬಿಡುತ್ತಿರಲಿಲ್ಲ. ಆದರೆ ಅಲ್ಲಿಗೆ ಬಂದಾಗ ದನಿ ತಡೆಯುತ್ತಿತ್ತು. ಅಷ್ಟು ಮಧ್ಯಾಹ್ನ ಮೊಬೈಲನ್ನು ಕಿವಿಗೊತ್ತಿಕೊಂಡು ಅವರು ಕಲಿತದ್ದು ಅದನ್ನೇ.

ಹಾಡು ಮುಗಿಸಿ ಕಣ್ಣು ತೆರೆದರು. "ಸರಿ ಆತ?"

ಪರದೆಯ ಮೇಲೆ ಆ ತಡೆಗಳು ತಗ್ಗಿದ ಗೆರೆಯಾಗಿ ಕಾಣುತ್ತಿದ್ದವು. ಅವನ್ನು ಕತ್ತರಿಸಿ ಎರಡೂ ತುದಿ ಸೇರಿಸುವುದು ನನಗೆ ಗೊತ್ತು. ಅತ್ತೆಗೆ ತಿಳಿಯುವುದೂ ಇಲ್ಲ. 'ತುಂಬಾ ಚೆನ್ನಾಗಿ ಬಂದಿದೆ' ಎಂಬುದು ನಾಲಿಗೆಯ ತುದಿಗೆ ಬಂದಿತ್ತು.

"ನಿಂತಿತು ಅತ್ತೆ" ಎಂದೆ.

"ಎಲ್ಲಿ?"

"ಸಪ್ಪಳ ಆದ ಮೇಲೆ."

ಆ ಸಾಲನ್ನು ಮತ್ತೆ ಹಾಡಿ ನೋಡಿದರು. ನಿಂತಿತು. ಇನ್ನೊಮ್ಮೆ. ಆಗಲೂ. "ಹೌದಲೆ. ಅಲ್ಲೊಂದು ಹೊಂಡ ಇದ್ದು ಹೇಳಿ ಕಾಲು ತಾನೇ ತಡೀತು" ಎಂದರು. ಎಲ್ಲರ ಎದುರು ಆ ಹೊಂಡ ತೋಡಿದವಳು ನಾನು, ಎದುರಿಗೇ ಕೂತಿದ್ದೆ. ಅವರು ಅದನ್ನು ಹೇಳಲಿಲ್ಲ. "ನಾಳೆ ಮತ್ತೆ ಹಾಡನ. ನೀ ಇಲ್ಲೇ ಕೂತ್ಕ. ನಿಂತಲ್ಲಿ ಹೇಳು. ಸುಮ್ಮನೆ ಚೊಲೋ ಆತು ಹೇಳೋದಾದ್ರೆ ಬೇಡ."

ಈಗ ದಿನಾ ಬೆಳಿಗ್ಗೆ ತಿಂಡಿಯಾದ ಮೇಲೆ ಇದೇ ನಮ್ಮ ಕೆಲಸ. ಕಂಪ್ಯೂಟರ್ ಆನ್ ಮಾಡುವುದಿಲ್ಲ. ಅವರು ಹಾಡುತ್ತಾರೆ, ನಾನು ಕೇಳುತ್ತೇನೆ. ಮೊದಲ ದಿನಗಳಲ್ಲಿ ಅವರು ನಿಂತಲ್ಲಿ ನನ್ನ ಕೈ ತಾನಾಗಿ ಸೀರೆಯ ಅಂಚು ಹಿಡಿಯುತ್ತಿತ್ತು. ಈಗ ಹೇಳುವುದು ಸ್ವಲ್ಪ ರೂಢಿಯಾಗಿದೆ. ಎರಡು ಹೊಂಡ ತುಂಬಿವೆ. ಸಪ್ಪಳದ್ದು ಉಳಿದಿದೆ. ಮಳೆಗಾಲ ಕಳೆದು ಸಿದ್ದಾಪುರದ ಕಡೆ ಒಂದು ಮದುವೆಯಿದೆ. ಅಲ್ಲಿಗೆ ಯಾರು ಹಾಡುತ್ತಾರೆಂದು ಇನ್ನೂ ಯಾರೂ ಅತ್ತೆಯನ್ನು ಕೇಳಿಲ್ಲ.

ಇವತ್ತು ಹಾಡು ಮುಗಿಸಿ, ಒಂದು ಗುಟುಕು ನೀರು ಕುಡಿದು ಕೇಳಿದರು: "ಎಂತ ಸಿಸ್ಟರ್, ಇವತ್ತು?"

"ಇವತ್ತೂ ನಿಂತಿತು ಅತ್ತೆ."

"ಹೂಂ" ಎಂದು ಸೆರಗು ಸರಿಮಾಡಿಕೊಂಡು ಕೂತು, ಕಣ್ಣು ಮುಚ್ಚಿ, ಮೊದಲ ಸಾಲಿನಿಂದ ಮತ್ತೆ ಎತ್ತಿದರು.